ನೌಕರಿಯೊಡನೆ ಸಮಾಜಕಾರ್ಯದ ವ್ಯಾಸಂಗ



ಈ ತಿಂಗಳ ಅಂಚೆಯಲ್ಲಿ ಕೊಡೇಕಲ್ಲಿನಿಂದ ಒಂದು ಪತ್ರ ಬಂದಿದೆ. ಮೊದಲು ಸುರಪುರ ತಾಲ್ಲೂಕಿಗೆ ಸೇರಿದ್ದು ಈಗ ಹುಣಸಗಿ ತಾಲ್ಲೂಕಿನಲ್ಲಿರುವ, ಕಾಲಜ್ಞಾನದ ಬಸವಣ್ಣನವರಿಂದ ನಾಡಿಗೆಲ್ಲ ಪರಿಚಿತವಾದ ಅದೇ ಕೊಡೇಕಲ್ಲು. ಬರೆದವರು ಬಿ.ಎ. ಪದವೀಧರೆ, ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತೆ. ಹತ್ತರಿಂದ ಐದೂವರೆಯವರೆಗೆ ಕೆಲಸ, ವಾರಕ್ಕೆ ಆರು ದಿನ, ಮನೆಯಲ್ಲಿ ಇಬ್ಬರು ಮಕ್ಕಳು. ಅವರಿಗೆ ಎಂ.ಎಸ್.ಡಬ್ಲ್ಯೂ. ಓದುವ ಹಂಬಲ. ಮನೆ ಕಟ್ಟಿಸಿದ ಸಾಲದ ಕಂತಿರುವುದರಿಂದ ನೌಕರಿ ಬಿಡುವಂತಿಲ್ಲ. "ಇದ್ದ ನೌಕರಿ ಸಾಲದೇನವ್ವಾ, ಮತ್ತ್ಯಾಕ ಓದು ಅಂತಾರ ನಮ್ಮತ್ತಿ. ಯಜಮಾನರು ಬ್ಯಾಡ ಅನ್ನೂದಿಲ್ಲ, ಹೂಂ ಅನ್ನೂದೂ ಇಲ್ಲ" ಎಂದು ಬರೆದಿದ್ದಾರೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು: ಕ್ಷೇತ್ರಕಾರ್ಯಕ್ಕೆ ಬಿಡುವಿಲ್ಲದವರಿಗೆ ಹಣ ಪಡೆದು ಸಹಿ, ಮೊಹರು ಹಾಕಿಸಿಕೊಡುವವರಿದ್ದಾರಂತೆ, ಹಾಗೆ ಮಾಡಬಹುದೇ?

ಪತ್ರದ ತಿರುಳೆಲ್ಲ ಆ ಕೊನೆಯ ಸಾಲಿನಲ್ಲಿದೆ. ಅದಕ್ಕೆ ಬರುವ ಮೊದಲು ಅತ್ತೆಯವರ ಪ್ರಶ್ನೆಗೆ ಉತ್ತರ ಹೇಳಬೇಕು. ಅದು ನಮ್ಮ ಎಷ್ಟೋ ಮನೆಗಳ ಪ್ರಶ್ನೆಯೂ ಹೌದು. ಸೇವೆಗೂ ಒಂದು ಪದವಿ ಬೇಕೇ? ಕಲಬುರ್ಗಿಯ ಶರಣಬಸವೇಶ್ವರರು ದಾಸೋಹ ನಡೆಸಿದ್ದು ಯಾವ ವಿಶ್ವವಿದ್ಯಾಲಯದ ಪ್ರಮಾಣಪತ್ರ ಹಿಡಿದು? ಮಾತೇನೋ ನಿಜ. ಆದರೆ ಹಸಿದು ಬಂದವನಿಗೆ ಅನ್ನವಿಕ್ಕುವುದು ಒಂದು ಕೆಲಸ, ಅವನು ಪ್ರತಿ ಬೇಸಗೆಯಲ್ಲಿಯೂ ಹಸಿದು ಏಕೆ ಬರುತ್ತಾನೆಂದು ವಿಚಾರಿಸುವುದು ಇನ್ನೊಂದು ಕೆಲಸ. ಮುಂಬಯಿಯ ನಾಗಪಾಡಾದ ಬಡ ಕೇರಿಗಳಲ್ಲಿ ದುಡಿಯುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರಿಗೆ ಈ ಎರಡನೆಯ ಕೆಲಸಕ್ಕೆ ತರಬೇತಿ ಬೇಕೆನಿಸಿತು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಅಲ್ಲಿ ಸಮಾಜಕಾರ್ಯದ ಶಾಲೆ ತೆರೆದಾಗ ಅವರೇ ಮೊದಲ ನಿರ್ದೇಶಕರಾದರು. ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೆಂದು ಹೆಸರಾಗಿರುವುದು ಅದೇ. ನಮ್ಮ ದೇಶದಲ್ಲಿ ಈ ವಿದ್ಯೆಗೆ ಇನ್ನೂ ನೂರು ವರ್ಷ ತುಂಬಿಲ್ಲ. ಅತ್ತೆಯವರಿಗೆ ಅದು ಹೊಸದೆನಿಸಿದರೆ ಆಶ್ಚರ್ಯವಿಲ್ಲ.

ಇನ್ನು ದಾರಿಯ ಮಾತು. ಕಲಬುರ್ಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೂ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿಯೂ ಸಮಾಜಕಾರ್ಯದ ಸ್ನಾತಕೋತ್ತರ ವಿಭಾಗಗಳಿವೆ. ಅಲ್ಲಿ ದಿನವೂ ತರಗತಿ, ವಾರದ ನಡುವೆ ಕ್ಷೇತ್ರಕಾರ್ಯ. ಪೂರ್ಣಾವಧಿ ನೌಕರಿಯಲ್ಲಿದ್ದವರು ದೀರ್ಘ ರಜೆ ಪಡೆಯದೆ ಅದು ಸಾಗದು. ಉಳಿದದ್ದು ದೂರಶಿಕ್ಷಣ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಈ ಪದವಿಯನ್ನು ಕೊಡುತ್ತದೆ; ವಿಜಯಪುರದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಎರಡು ವರ್ಷದ ಓದನ್ನು ಇನ್ನಷ್ಟು ವರ್ಷಗಳಿಗೆ ಹಂಚಿಕೊಳ್ಳಲು ಅವಕಾಶವೂ ಉಂಟು. ಆದರೆ ಪಾಠಗಳಿರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಬಿ.ಎ. ಮುಗಿಸಿದವರಿಗೆ ಮೊದಲ ಆರು ತಿಂಗಳು ನಿಘಂಟಿನೊಡನೆಯೇ ಕಳೆಯುತ್ತವೆ. ಅದಕ್ಕೆ ಅಂಜಬೇಕಾಗಿಲ್ಲ, ಸಿದ್ಧರಾಗಿರಬೇಕು.

ಯಾವ ಸಂಸ್ಥೆಯಾದರೂ ಸರಿ, ಹಣ ಕಟ್ಟುವ ಮೊದಲು ಆ ವರ್ಷಕ್ಕೆ, ಆ ಪದವಿಗೆ, ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿರಿ. 2015ರಲ್ಲಿ ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯ ಪ್ರಶ್ನೆ ಎದ್ದು, 2018ರಲ್ಲಿ ಅದು ಮರಳಿ ದೊರೆಯುವವರೆಗೆ, ದುಡಿಯುತ್ತಲೇ ಓದುತ್ತಿದ್ದ ಎಷ್ಟು ಮಂದಿ ಕಂಗಾಲಾಗಿದ್ದರೆಂಬುದು ಮರೆಯುವ ಮಾತಲ್ಲ.

ಕಾಲದ ಲೆಕ್ಕವನ್ನೂ ಹಾಕೋಣ. ಮುಕ್ತ ವಿಶ್ವವಿದ್ಯಾಲಯದ ರೂಢಿಯಂತೆ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಭ್ಯಾಸ. ಈ ಪದವಿಗೆ 60 ಕ್ರೆಡಿಟ್ ಎಂದು ಕಡಿಮೆಯಾಗಿಯೇ ಹಿಡಿದರೂ 1,800 ಗಂಟೆಗಳಾದವು. ಎರಡು ವರ್ಷಕ್ಕೆ ಹಂಚಿದರೆ ಹಬ್ಬ, ಜಾತ್ರೆ, ಜ್ವರ ಯಾವುದನ್ನೂ ಬಿಡದೆ ದಿನಕ್ಕೆ ಎರಡೂವರೆ ಗಂಟೆ. ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳುಹಿಸಿ, ಸಂಘದ ಕಿರ್ದಿ ಬರೆದು, ಸಂಜೆ ಮತ್ತೆ ಒಲೆಯ ಮುಂದೆ ಕೂಡುವ ಸೊಸೆ ಈ ಎರಡೂವರೆ ಗಂಟೆಯನ್ನು ಎಲ್ಲಿಂದ ತರಬೇಕು? ತನ್ನ ನಿದ್ದೆಯಿಂದ ತರುತ್ತಾಳೆ. ಬೇರೆ ಯಾರೂ ಕೊಡದಿದ್ದರೆ ಅವಳ ಕೈಯಲ್ಲಿರುವುದು ಅದೊಂದೇ. ಆದ್ದರಿಂದ ಸೋದರಿ, ಎರಡೇ ವರ್ಷದಲ್ಲಿ ಮುಗಿಸುವ ಹಟ ಬೇಡ. ಮೂರು ವರ್ಷವೆಂದು ಹಿಡಿಯಿರಿ.

ಈ ಗಂಟೆಗಳಲ್ಲಿ ಪುಸ್ತಕದ ಪಾಲನ್ನು ರಾತ್ರಿ ಓದಿ ಮುಗಿಸಬಹುದು. ಕ್ಷೇತ್ರಕಾರ್ಯದ ಪಾಲು ಹಾಗಲ್ಲ. ಅದಕ್ಕೆ ಹಗಲು ಬೇಕು, ಎದುರಿಗೆ ಮನುಷ್ಯರು ಬೇಕು, ತಿದ್ದುವ ಮಾರ್ಗದರ್ಶಕರು ಬೇಕು. ಒಂದು ಮನೆಗೆ ಹೋಗಿ ಮಾತನಾಡಿದರೆ, ಅವರು ಏನೆಂದರು, ನಾನು ಏನೆಂದೆ, ನನಗೆ ಆಗ ಏನನ್ನಿಸಿತು, ಎಲ್ಲಿ ದುಡುಕಿದೆ ಎಂಬುದನ್ನೆಲ್ಲ ಅಂದೇ ಬರೆದಿಟ್ಟು ಮಾರ್ಗದರ್ಶಕರಿಗೆ ತೋರಿಸಬೇಕು. ಅವರು ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಾರೆ. ಈ ವಿದ್ಯೆ ಕೈಗೆ ಹತ್ತುವುದು ಆ ಗೀಟುಗಳಿಂದ.

ನಿಮ್ಮ ಸಂಘದ ಕಿಟಕಿಯ ಮುಂದೆ ನಿಲ್ಲುವವರನ್ನೇ ನೆನೆಯಿರಿ. ನಾರಾಯಣಪುರದ ಬಸವಸಾಗರ 1982ರಲ್ಲಿಯೇ ಪೂರ್ಣಗೊಂಡು ಕಾಲುವೆಯ ಕೆಳಗೆ ಭತ್ತ ಬೆಳೆದರೂ, ನೀರು ಹತ್ತದ ಊರುಗಳಿಂದ ಜನ ಇಂದಿಗೂ ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಗುಳೆ ಹೊರಡುತ್ತಾರೆ. ಹೊರಡುವ ಮುನ್ನ ತಾಯಿಯೊಬ್ಬಳು ಬೆಂಡೋಲೆ ಅಡವಿಡಲು ಬರುತ್ತಾಳೆ. ಗುಮಾಸ್ತೆಯಾಗಿ ನೀವು ತೂಕ ಬರೆಯುತ್ತೀರಿ, ಮೊತ್ತ ಬರೆಯುತ್ತೀರಿ, ಹೆಬ್ಬೆಟ್ಟು ಒತ್ತಿಸುತ್ತೀರಿ. ಮಕ್ಕಳನ್ನು ಯಾರ ಬಳಿ ಬಿಟ್ಟು ಹೋಗುತ್ತಾಳೆ? ಹದಿನೈದರ ಮಗಳನ್ನು ಒಂಟಿಯಾಗಿ ಬಿಡಲಾರದೆ ಹೊರಡುವ ಮೊದಲೇ ಮದುವೆ ಮಾಡಿಬಿಡುವ ಯೋಚನೆಯಲ್ಲಿದ್ದಾಳೆಯೇ? ಅಂಥ ಮದುವೆಗೆ ಆರಂಭದಿಂದಲೇ ಮಾನ್ಯತೆಯಿಲ್ಲವೆಂದು ನಮ್ಮ ರಾಜ್ಯ 2016ರಲ್ಲಿ ಕಾನೂನನ್ನು ತಿದ್ದಿದೆ. ಆದರೆ ಕಾನೂನನ್ನು ಮುಖಕ್ಕೆ ಹಿಡಿದರೆ ಆ ತಾಯಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಆಕೆ ಬಾಯಿ ಬಿಡುವಂತೆ ಕುಳಿತು ಕೇಳುವುದು ಹೇಗೆಂಬುದನ್ನು ಕ್ಷೇತ್ರಕಾರ್ಯ ಕಲಿಸುತ್ತದೆ.

ಈಗ ಆ ಸಹಿ, ಮೊಹರಿನ ಮಾತು. ನಿಮ್ಮೂರಿನಿಂದ ಹೊಳೆ ದಾಟಿದರೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿ ಕಲ್ಯಾಣಕ್ಕೆ ಹೋದದ್ದು ಅಲ್ಲಿಂದ. ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಲೆಗೆ ಏರಿಸಲಿಲ್ಲ. ಮರಳಿ ಸುರಿದು ಬರಲು ಕಳುಹಿಸಿದರು. ಮಾರಯ್ಯನವರ ಅಕ್ಕಿಯಾದರೂ ಬಗ್ಗಿ ಆಯ್ದದ್ದು. ಹೋಗದ ಮನೆಗೆ ಹೋದೆನೆಂದು ಬರೆದ ಗಂಟೆಗಳು ಬಗ್ಗದೆ ಆಯ್ದವು. ಮುಂದೆ ಆ ಪದವಿಯ ಬಲದಿಂದ ನಿಮಗೆ ಮಕ್ಕಳ ರಕ್ಷಣೆಯ ಕೆಲಸವೋ ಆಸ್ಪತ್ರೆಯ ಕೆಲಸವೋ ದೊರೆತಿತೆನ್ನಿ. ಹೊಡೆತ ತಿಂದು ಬಂದ ಹೆಂಗಸೊಬ್ಬಳು ಮೊದಲ ದಿನವೇ ಎದುರಿಗೆ ಕುಳಿತರೆ, ಕೊಂಡು ತಂದ ಸಹಿ ಅವಳಿಗೆ ಏನು ಹೇಳೀತು? ಖಂಡಿತ ಬೇಡ. ಅದಕ್ಕಿಂತ ಓದದಿರುವುದೇ ಲೇಸು.

ಹಾಗಾದರೆ ಹಗಲನ್ನು ಎಲ್ಲಿಂದ ತರುವುದು? ಸಂಘದ ಆಡಳಿತ ಮಂಡಳಿಗೆ ಬರವಣಿಗೆಯಲ್ಲಿ ವಿಷಯ ತಿಳಿಸಿ ಅನುಮತಿ ಪಡೆಯಿರಿ. ಗಳಿಕೆಯ ರಜೆಯನ್ನು ಮದುವೆ ಮುಂಜಿಗಳಿಗೆ ಖರ್ಚು ಮಾಡದೆ ಕೂಡಿಡಿರಿ. ಭಾನುವಾರಗಳನ್ನು ಮನೆಯವರು ಬಿಟ್ಟುಕೊಡಬೇಕು. ಯಜಮಾನರಿಗೆ ಒಂದು ಮಾತು: ತಾವು ಬೇಡವೆನ್ನದಿರುವುದು ಸಾಲದು. ಭಾನುವಾರದ ಅಡಿಗೆ, ಮಕ್ಕಳ ಸ್ನಾನ, ಸಂತೆ ಇವು ತಮ್ಮ ಪಾಲಿಗೆ ಬಂದರೆ ಅದೂ ದಾಸೋಹವೇ. ನಮ್ಮ ಗಂಡಸರು ಮಠದ ದಾಸೋಹದಲ್ಲಿ ಟೊಂಕ ಕಟ್ಟಿ ಬಡಿಸುತ್ತಾರೆ. ಮನೆಯಲ್ಲಿ ಮಾತ್ರ ಎಲೆಯ ಮುಂದೆ ಕೂತು ಕರೆಯುತ್ತಾರೆ.

ಅತ್ತೆಯವರೊಡನೆ ವಾದ ಬೇಡ. ಮಾರ್ಗದರ್ಶಕರ ಒಪ್ಪಿಗೆಯಿದ್ದರೆ ಮೊದಲ ಭಾನುವಾರ ಅವರನ್ನೂ ಕರೆದುಕೊಂಡು ಹೋಗಿರಿ. ಯಾವ ಓಣಿಯಲ್ಲಿ ಯಾರ ಮನೆ, ಯಾರು ಗುಳೆ ಹೋದರು, ಯಾರ ಮಗಳು ಶಾಲೆ ಬಿಟ್ಟಳು ಎಂಬುದು ಅವರಿಗೆ ತಿಳಿದಷ್ಟು ನಿಮಗೆ ತಿಳಿಯದು. ಅವರು ಜೊತೆಗಿದ್ದರೆ ಬಾಗಿಲುಗಳು ಬೇಗ ತೆರೆಯುತ್ತವೆ. ಒಳಗಿನ ಹೆಂಗಸು ತನ್ನ ಕಷ್ಟ ಹೇಳಲು ತೊಡಗಿದಾಗ ಮಾತ್ರ, "ಅತ್ತೀ, ನೀವು ಒಂದೀಟು ಕಟ್ಟಿ ಮ್ಯಾಲ ಕೂತಿರ್ರಿ" ಎಂದು ಮೆಲ್ಲನೆ ಹೇಳಬೇಕು. ಕಟ್ಟೆಯ ಮೇಲೆ ಕುಳಿತ ಅತ್ತೆಯವರು ದಾರಿಯುದ್ದಕ್ಕೂ ಒಳಗೇನಾಯಿತೆಂದು ಕೇಳಿಯೇ ಕೇಳುತ್ತಾರೆ. ಅದನ್ನು ನೀವು ಹೇಳುವಂತಿಲ್ಲ.