ಎಂಟನೇ ಕ್ಲಾಸಿಗೇ ಕಾಲೇಜು ಮಾತುಕತೆ ಯಾಕ್ರೀ?

ಲಕ್ರಾಸ್ ಅಂದರೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಆಟ. ಅಮೆರಿಕದಲ್ಲಿ ಎಂಟು, ಒಂಬತ್ತನೇ ಕ್ಲಾಸಿನ ಹುಡುಗಿಯರಿಗೇ ಕಾಲೇಜು ಕೋಚ್‌ಗಳು 'ಟೀಮಿನಲ್ಲಿ ಜಾಗ ನಿನಗೇ' ಅನ್ನುತ್ತಿದ್ದರು. ಬರೀ ಬಾಯಿಮಾತು, ತಪ್ಪಿದರೆ ಕೇಳುವವರಿಲ್ಲ. ನೀವೇ ಹೇಳಿ, ಆ ವಯಸ್ಸಿಗೆ ಯಾವ ಕೋರ್ಸು ಓದಬೇಕು ಅಂತಲಾದರೂ ಗೊತ್ತಿರುತ್ತಾ? ತಡವಾಗಿ ಆಟ ಕುದುರಿದವಳ ಗತಿ?

2017ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಿಯಮ ತಂದಿತು: ಮೇಲಿನ ದರ್ಜೆಯ ಕಾಲೇಜುಗಳ ಕೋಚ್‌ಗಳು ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರ ತನಕ ಹುಡುಗಿಯರ ಜೊತೆ ಮಾತಾಡುವಂತಿಲ್ಲ. ಒಳ್ಳೇದೇ ಆಯಿತು, ಕೋಚ್‌ಗಳ ಸಂಘವೇ ಕೇಳಿದ್ದು ಬೇರೆ.

ಆದರೆ ಬದಲಾದದ್ದು ತಾರೀಕು ಮಾತ್ರ. ಕೋಚ್ ಕಣ್ಣಿಗೆ ಬೀಳಲು ಅಪ್ಪ-ಅಮ್ಮ ದುಡ್ಡು ಸುರಿದು ಕ್ಲಬ್ ಟೂರ್ನಿಗಳಿಗೆ ಅಲೆಯುವುದು ನಿಂತಿಲ್ಲ. ಸೆಪ್ಟೆಂಬರ್‌ನಲ್ಲಿ ಮಾತು ಕೊಟ್ಟರೂ ಕಾಗದ ಕೈಗೆ ಬರುವುದು ಹನ್ನೆರಡನೇ ಕ್ಲಾಸಿಗೆ. ಮಾತು ಕೊಟ್ಟ ದಿನವೇ ಬರೆದುಕೊಡಲಿ, ಅಡ್ಡಿಯೇನು?