ಗಾಜಿನ ತೊಟ್ಟಿಯಲ್ಲಿ ಮಹಾಶುಕ್ತಿ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವುದು ನಮ್ಮ ಪಟ್ಟಣಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ವಿನೋದವಷ್ಟೆ. ಅದು ಸಿಹಿನೀರಿನ ಮಾತು. ಈಚಿನ ಕೆಲವು ದಶಕಗಳಲ್ಲಿ ಅದಕ್ಕಿಂತ ಬಹು ಕಷ್ಟತರವಾದ ಇನ್ನೊಂದು ಹವ್ಯಾಸವು ಅಮೆರಿಕ, ಜರ್ಮನಿ ಮೊದಲಾದ ದೇಶಗಳ ಗೃಹಸ್ಥರಲ್ಲಿ ಹಬ್ಬಿದೆ. ಉಪ್ಪುನೀರನ್ನು ಅಳತೆಯಿಂದ ಸಿದ್ಧಪಡಿಸಿ, ಅದರಲ್ಲಿ ಜೀವವುಳ್ಳ ಹವಳಗಳನ್ನು ಬೆಳೆಸಿ, ಕಡಲ ತಳದ ಒಂದು ತುಣುಕನ್ನೇ ನಡುಮನೆಯಲ್ಲಿ ನಿಲ್ಲಿಸಿಕೊಳ್ಳುವುದು ಆ ಹವ್ಯಾಸ. ಅಲ್ಲಿ ನೆಲಸಿರುವ ಮಕ್ಕಳನ್ನು ನೋಡಿಬರಲು ಹೋದ ವಾಚಕರು ಇಂಥ ತೊಟ್ಟಿಯನ್ನು ಕಂಡಿದ್ದರೂ ಕಂಡಿರಬಹುದು. ಅದರೊಳಗೆ ನವಿಲುಗರಿಯ ಬಣ್ಣದ ಸೆರಗನ್ನು ಹೊರಚೆಲ್ಲಿ, ಬಾಯ್ದೆರೆದು ಕುಳಿತ ಚಿಪ್ಪೊಂದು ಅವರ ಕಣ್ಣಿಗೆ ಬಿದ್ದಿದ್ದರೆ, ಅದೇ ಈ ತಿಂಗಳ ನಮ್ಮ ವಿಷಯ.

ದಕ್ಷಿಣ ಕನ್ನಡದವರು ಮರುವಾಯಿ ಎಂದೂ ಉತ್ತರ ಕನ್ನಡದವರು ಬಳಚು ಎಂದೂ ಕರೆಯುವ ಕಪ್ಪೆಚಿಪ್ಪಿನ ಕುಲಕ್ಕೇ ಇದೂ ಸೇರಿದ್ದು. ಆದರೆ ಗಾತ್ರದಲ್ಲಿ ಅಜಗಜಾಂತರ. ಈ ಬಳಗದಲ್ಲಿ ಸುಮಾರು ಹನ್ನೆರಡು ಜಾತಿಗಳುಂಟು. ಎಲ್ಲಕ್ಕೂ ಹಿರಿಯದಾದ ‘ಗೈಗಸ್’ ಎಂಬುದು ನಾಲ್ಕಡಿಗೂ ಮಿಕ್ಕಿ ಬೆಳೆದು, 200 ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್ ದೇವಾಲಯದಲ್ಲಿ ಪವಿತ್ರಜಲದ ಪಾತ್ರೆಗಳಾಗಿರುವುವು ಇದರ ಚಿಪ್ಪಿನ ಎರಡು ಹೋಳುಗಳೇ. ಅವನ್ನು ವೆನಿಸ್ ಗಣರಾಜ್ಯವು ಫ್ರಾನ್ಸಿನ ಅರಸನಾದ ಮೊದಲನೆಯ ಫ್ರಾನ್ಸಿಸನಿಗೆ ಕಾಣಿಕೆಯಾಗಿ ಕೊಟ್ಟಿತ್ತು. ಈ ಕುಲದ ಶಾಸ್ತ್ರೀಯ ನಾಮವಾದ ‘ಟ್ರೈಡ್ಯಾಕ್ನ’ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ಮೂರು ತುತ್ತಿನದು ಎಂದರ್ಥ. ಮೂರು ಸಲ ಕಚ್ಚಿ ತಿನ್ನಬೇಕಾದಷ್ಟು ದೊಡ್ಡ ಚಿಪ್ಪುಮೀನಿಗೆ ಭೋಜನಪ್ರಿಯರು ಇಟ್ಟ ಹೆಸರಿದು ಎಂದು ರೋಮಿನ ಪ್ಲಿನಿಯು ಬರೆದಿದ್ದಾನೆ. ನಾವು ಇದನ್ನು ಮಹಾಶುಕ್ತಿಯೆಂದು ಕರೆಯೋಣ.

ಶುಕ್ತಿಯೆಂದೊಡನೆ ನಮ್ಮ ವೇದಾಂತಿಗಳ ಶುಕ್ತಿರಜತದ ದೃಷ್ಟಾಂತವು ನೆನಪಿಗೆ ಬರುತ್ತದೆ. ದಂಡೆಯಲ್ಲಿ ಬಿದ್ದ ಚಿಪ್ಪು ಹೊಳೆಯುವುದನ್ನು ಕಂಡು ದಾರಿಹೋಕನು ಬೆಳ್ಳಿಯೆಂದು ಭ್ರಮಿಸುತ್ತಾನೆ. ಮಹಾಶುಕ್ತಿಯ ವಿಷಯದಲ್ಲಿ ಭ್ರಮೆ ಬೇರೆ ತೆರನಾದುದು. ಅಂಗಡಿಯಲ್ಲಿ ಅದನ್ನು ಕಂಡವನು ಹೂವೆಂದೋ ಒಡವೆಯೆಂದೋ ಬಗೆದು ಕೊಂಡುತರುತ್ತಾನೆ. ಅದು ಹಸಿವು, ರೋಗ, ಭಯಗಳುಳ್ಳ ಪ್ರಾಣಿಯೆಂಬುದು ಎಷ್ಟೋ ವೇಳೆ ಅದು ಸತ್ತ ಮೇಲೆಯೇ ಅವನಿಗೆ ತಿಳಿಯುವುದು. ಆದುದರಿಂದ ಕೊಳ್ಳುವ ಮೊದಲು ಅದರ ಜೀವನಕ್ರಮವನ್ನು ಅರಿಯುವುದು ಆವಶ್ಯಕ.

ಇದರ ಸೆರಗಿನೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯ ಕಣಗಳು ಲಕ್ಷಾನುಲಕ್ಷವಾಗಿ ವಾಸವಾಗಿವೆ. ಅವು ಬಿಸಿಲನ್ನುಂಡು ಸಕ್ಕರೆ ಮೊದಲಾದ ಸತ್ವಗಳನ್ನು ತಯಾರಿಸಿ, ತಮ್ಮ ಪಾಲು ಕಳೆದು ಮಿಕ್ಕುದನ್ನು ಮನೆಯ ಯಜಮಾನನಿಗೆ ಕೊಡುತ್ತವೆ. ಯಜಮಾನನು ಅವಕ್ಕೆ ನೆಲೆಯನ್ನೂ, ತನ್ನ ಶರೀರದಿಂದ ಹೊರಬೀಳುವ ಸಾರಜನಕದ ಮಲವನ್ನು ಗೊಬ್ಬರವಾಗಿಯೂ ಒದಗಿಸುತ್ತಾನೆ. ಸೆರಗಿನ ನೀಲಿ ಹಸುರುಗಳು ಬರಿಯ ಅಲಂಕಾರವಲ್ಲ. ಅಲ್ಲಿರುವ ವಿಶೇಷ ಕಣಗಳು ಪಾಚಿಗೆ ಬೇಡವಾದ ಬೆಳಕನ್ನು ಹಿಂದಕ್ಕೆ ತಳ್ಳಿ, ಬೇಕಾದುದನ್ನು ಒಳಪದರಗಳಿಗೆ ಹಂಚುತ್ತವೆ. ಹಿಂದಕ್ಕೆ ತಳ್ಳಿದ ಬೆಳಕೇ ನಮ್ಮ ಕಣ್ಣಿಗೆ ಬಣ್ಣವಾಗಿ ತೋರುವುದು. ಇನ್ನೊಂದು ವಿಶೇಷವುಂಟು. ಈ ಪಾಚಿಯು ತಾಯಿಯ ಮೊಟ್ಟೆಯೊಡನೆ ಬರುವುದಿಲ್ಲ. ಪ್ರತಿಯೊಂದು ಮರಿಯೂ ಅದನ್ನು ಸುತ್ತಲಿನ ನೀರಿನಿಂದ ಹೊಸದಾಗಿ ಸಂಪಾದಿಸಿಕೊಳ್ಳಬೇಕು. ವಿದ್ಯೆಯಂತೆ ಇದೂ ಪಿತ್ರಾರ್ಜಿತವಲ್ಲ, ಸ್ವಾರ್ಜಿತ.

ಇನ್ನು ತೊಟ್ಟಿಗೆ ಯೋಗ್ಯವಾದ ಜಾತಿಗಳ ವಿಚಾರ. ‘ಕ್ರೋಸಿಯ’ ಎಂಬುದು ಎಲ್ಲಕ್ಕೂ ಕಿರಿಯದು; ಸುಮಾರು ಅರ್ಧ ಅಡಿಗೆ ಅದರ ಬೆಳವಣಿಗೆ ಮುಗಿಯಿತು. ಬಣ್ಣದಲ್ಲಿ ಬಹು ಸೊಗಸು. ಆದರೆ ಅದಕ್ಕೆ ಬೆಳಕು ಎಲ್ಲಕ್ಕಿಂತ ಹೆಚ್ಚಾಗಿ ಬೇಕು. ಸಮುದ್ರದಲ್ಲಿ ಬಂಡೆಯನ್ನು ಕೊರೆದು ಅದರೊಳಗೆ ಅಡಗಿರುವ ಸ್ವಭಾವವುಳ್ಳದ್ದಾದುದರಿಂದ ತೊಟ್ಟಿಯಲ್ಲಿಯೂ ಬಂಡೆಯ ಮೇಲೆಯೇ ಇಡಬೇಕು. ‘ಮ್ಯಾಕ್ಸಿಮ’ ಎಂದರೆ ಮಹತ್ತಮ. ಹೆಸರು ಹಾಗಿದ್ದರೂ ಅದು ಒಂದಡಿಗೆ ಸ್ವಲ್ಪ ಮಿಕ್ಕಿ ಬೆಳೆಯುವುದಷ್ಟೆ. ಇದಕ್ಕೂ ಬಂಡೆ ಮತ್ತು ತೀಕ್ಷ್ಣವಾದ ಬೆಳಕು ಬೇಕು. ‘ಸ್ಕ್ವಮೋಸ’ದ ಚಿಪ್ಪಿನ ಮೇಲೆ ಹೆಂಚು ಹೊದಿಸಿದಂತೆ ಹಲ್ಲೆಗಳು ಎದ್ದಿರುತ್ತವೆ. ‘ಡೆರಾಸ’ದ ಚಿಪ್ಪು ನುಣುಪು. ಇವೆರಡೂ ಮಧ್ಯಮ ಬೆಳಕಿನಲ್ಲಿ ತೃಪ್ತಿಯಾಗಿರತಕ್ಕವು. ಹೊಸಬರಿಗೆ ‘ಡೆರಾಸ’ವೇ ಉತ್ತಮವೆಂದು ಅನುಭವಿಗಳ ಮತ. ಆದರೆ ಅಂಗೈಯಗಲದ ಮರಿಯು ಮುಂದೆ ಎರಡಡಿಯಷ್ಟಾಗುವುದೆಂಬುದನ್ನು ಮರೆಯಬಾರದು. ಕುದುರೆಯ ಗೊರಸಿನ ಹೆಸರನ್ನು ಹೊತ್ತ ‘ಹಿಪ್ಪೋಪಸ್’ ಎಂಬ ದಾಯಾದಿಯೂ ಮರಳಿನ ಮೇಲೆ ಸುಖವಾಗಿ ಕುಳಿತಿರುತ್ತದೆ. ‘ಗೈಗಸ್’ ಮಾತ್ರ ಗೃಹಸ್ಥರ ತೊಟ್ಟಿಗೆ ಹೇಳಿದ್ದಲ್ಲ.

ಯಾವ ಜಾತಿಯಾದರೂ ಹೊಸ ತೊಟ್ಟಿಗೆ ಅದನ್ನು ಇಳಿಸತಕ್ಕದ್ದಲ್ಲ. ಆರು ತಿಂಗಳಾದರೂ ಕಳೆದು ನೀರು ಸ್ಥಿರಪಟ್ಟಿರಬೇಕು. ಉಷ್ಣತೆ 24ರಿಂದ 27 ಡಿಗ್ರಿ, ಉಪ್ಪಿನಂಶ ಒಂದು ಕಿಲೋಗ್ರಾಂ ನೀರಿಗೆ 35 ಗ್ರಾಂ, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರುವುದು ಒಳ್ಳೆಯದು. ಬೆಳೆಯುವ ಚಿಪ್ಪು ಸುಣ್ಣದ ಅಂಶವನ್ನು ನಿತ್ಯವೂ ಹೀರುತ್ತಿರುವುದರಿಂದ ಆಗಾಗ ಪರೀಕ್ಷಿಸಿ ತುಂಬಿಕೊಡಬೇಕು. ನೀರನ್ನು ಅತಿಯಾಗಿ ಸೋಸಿ, ನೈಟ್ರೇಟನ್ನು ಲೇಶವೂ ಉಳಿಸದಿರುವುದು ಇದಕ್ಕೆ ಹಿತವಲ್ಲ. ಒಳಗಿನ ಪಾಚಿಗೆ ಗೊಬ್ಬರವಿಲ್ಲದಂತಾಗುತ್ತದೆ. ಎರಡಂಗುಲಕ್ಕಿಂತ ಕಿರಿಯ ಮರಿಗಳಿಗೆ ಬೆಳಕೊಂದೇ ಸಾಲದೆಂದು, ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನೂ ಉಣಿಸುವ ವಾಡಿಕೆಯುಂಟು. ಮೀನುಗಳ ರೋಗಕ್ಕೆ ಹಾಕುವ ತಾಮ್ರದ ಔಷಧಿಯು ಇದಕ್ಕೆ ವಿಷಪ್ರಾಯ.

ಇದು ತನ್ನ ಬುಡದಿಂದ ನೂಲಿನಂಥ ಎಳೆಗಳನ್ನು ಹೊರಡಿಸಿ ಕಲ್ಲಿಗೆ ಅಂಟಿಕೊಳ್ಳುತ್ತದೆ. ಜಾಗವನ್ನು ಬದಲಿಸುವ ಆತುರದಲ್ಲಿ ಹಿಡಿದು ಕಿತ್ತರೆ ಎಳೆಗಳ ಮೂಲವೇ ಹರಿದು ಪ್ರಾಣಿಯು ಸಾಯುವುದುಂಟು. ಅನಿವಾರ್ಯವಾದರೆ ಹರಿತವಾದ ಅಲಗಿನಿಂದ ಕಲ್ಲಿನ ಮಗ್ಗುಲಿಗೆ ಎಳೆಗಳನ್ನು ಕತ್ತರಿಸಬೇಕು. ಮರಳಿನ ಮೇಲಿಡುವಾಗ ಅಡಿಯಲ್ಲಿ ಚಪ್ಪಟೆ ಕಲ್ಲೊಂದನ್ನು ಹುಗಿದಿಟ್ಟರೆ, ಅದು ಕಲ್ಲಿಗೆ ಅಂಟುವುದು. ಮುಂದೆ ಕಲ್ಲಿನೊಡನೆಯೇ ಎತ್ತಬಹುದು. ಹೊಸದಾಗಿ ತಂದುದನ್ನು ಪ್ರಖರವಾದ ದೀಪದ ಕೆಳಗೆ ಒಮ್ಮೆಗೇ ಇಡದೆ, ಕೆಲವು ದಿನ ಮಂದಬೆಳಕಿನಲ್ಲಿಟ್ಟು ಕ್ರಮೇಣ ಒಗ್ಗಿಸಬೇಕು.

ಅಕ್ಕಿಕಾಳಿನಷ್ಟು ಗಾತ್ರದ ಒಂದು ಜಾತಿಯ ಬಿಳಿಯ ಬಸವನಹುಳು ಇದರ ಶತ್ರು. ಹಗಲು ಚಿಪ್ಪಿನ ಸಂದಿಯಲ್ಲಿಯೂ ಬುಡದಲ್ಲಿಯೂ ಅಡಗಿದ್ದು, ರಾತ್ರಿ ಅಂಚಿಗೇರಿ ರಸವನ್ನು ಹೀರುತ್ತದೆ. ತೊಟ್ಟಿಗಿಳಿಸುವ ಮುನ್ನ ಚಿಪ್ಪನ್ನು ಮೃದುವಾದ ಕುಂಚದಿಂದ ಉಜ್ಜಿ, ಲೋಳೆಯಂಥ ಮೊಟ್ಟೆಗಳಿದ್ದರೆ ತೆಗೆದು, ಕೆಲವು ವಾರಗಳ ಕಾಲ ರಾತ್ರಿ ದೀಪ ಹಿಡಿದು ನೋಡುತ್ತಿರಬೇಕು. ಚಿಟ್ಟೆಮೀನು ಮೊದಲಾದುವು ಸೆರಗನ್ನು ಕಚ್ಚುವುವಾದುದರಿಂದ ಜೊತೆಯಲ್ಲಿ ಬಿಡತಕ್ಕದ್ದಲ್ಲ.

ಮೂಕಪ್ರಾಣಿಯ ಆರೋಗ್ಯವನ್ನು ತಿಳಿಯುವುದು ಹೇಗೆ? ಇದರ ಸೆರಗಿನಂಚಿನಲ್ಲಿ ನೂರಾರು ಪುಟ್ಟ ಕಣ್ಣುಗಳಿವೆ. ಮೇಲೆ ಕೈ ಆಡಿಸಿ ನೆರಳು ಬೀಳಿಸಿದರೆ ಸ್ವಸ್ಥವಾದುದು ಥಟ್ಟನೆ ಮುದುರಿಕೊಳ್ಳುತ್ತದೆ. ನೆರಳಿಗೆ ಅಲುಗದಿರುವುದು, ನೀರೆಳೆಯುವ ಬಾಯಿ ಜೋಲುಬಿದ್ದಂತೆ ತೆರೆದುಕೊಂಡಿರುವುದು, ಸೆರಗು ಬಿಳಿಚಿಕೊಳ್ಳುವುದು ಕೆಟ್ಟ ಲಕ್ಷಣಗಳು. ಸತ್ತುದನ್ನು ಕೂಡಲೇ ತೆಗೆಯದಿದ್ದರೆ ತೊಟ್ಟಿಯ ನೀರೆಲ್ಲ ಕೆಟ್ಟು ಮಿಕ್ಕ ಜೀವಿಗಳಿಗೂ ಅಪಾಯ.

ಇಷ್ಟು ಹೇಳಿದ ಮೇಲೆ ಮುಖ್ಯವಾದ ಪ್ರಶ್ನೆಯೊಂದು ಉಳಿಯುತ್ತದೆ: ಇಂಥದನ್ನು ಮನೆಗೆ ತರುವುದು ಧರ್ಮವೆ? ಮಾಂಸಕ್ಕಾಗಿಯೂ ಚಿಪ್ಪಿಗಾಗಿಯೂ ಮನುಷ್ಯನು ಇವುಗಳನ್ನು ಮಿತಿಯಿಲ್ಲದೆ ಕಿತ್ತುದರಿಂದ ಫಿಜಿ, ಗುವಾಮ್ ದ್ವೀಪಗಳ ಸುತ್ತ ‘ಗೈಗಸ್’ ಸಂತತಿಯೇ ಅಳಿದುಹೋಯಿತು. 1985ರಿಂದ ಈ ಇಡೀ ಬಳಗದ ಅಂತಾರಾಷ್ಟ್ರೀಯ ವ್ಯಾಪಾರವು ‘ಸೈಟಿಸ್’ ಒಪ್ಪಂದದ ಕಟ್ಟಿಗೆ ಒಳಪಟ್ಟಿದೆ. ನಮ್ಮ ಲಕ್ಷದ್ವೀಪ, ಅಂಡಮಾನ್‌ಗಳ ಹವಳದ ದಿಬ್ಬಗಳಲ್ಲಿಯೂ ಇವುಂಟು. 2001ರಲ್ಲಿ ‘ಮ್ಯಾಕ್ಸಿಮ’, ‘ಸ್ಕ್ವಮೋಸ’, ‘ಹಿಪ್ಪೋಪಸ್’ಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿ, ಹುಲಿ ಆನೆಗಳಿಗಿರುವ ರಕ್ಷಣೆಯನ್ನೇ ಅವಕ್ಕೂ ಕೊಡಲಾಯಿತು. ಅಲ್ಲಿಗೆ ವಿಹಾರಕ್ಕೆ ಹೋದವರು ನೆನಪಿಗೆಂದು ಒಂದನ್ನು ಎತ್ತಿತಂದರೂ ಅಪರಾಧವೇ. ಈ ದೇಶದಲ್ಲಿ ಯಾರಾದರೂ ಮಾರುವೆನೆಂದು ಬಂದರೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಕೈಯೊಡ್ಡಬಾರದು.

ಪರದೇಶದಲ್ಲಿರುವವರಿಗೆ ನಿಯಮಬದ್ಧವಾದ ಮಾರ್ಗವೊಂದುಂಟು. ಪೆಸಿಫಿಕ್ ಸಾಗರದ ಪಲಾವು ದ್ವೀಪಗಳಲ್ಲಿ 1980ರ ದಶಕದಲ್ಲಿ ಜೆರಾಲ್ಡ್ ಹೆಸ್ಲಿಂಗ ಎಂಬವರು ಇವುಗಳನ್ನು ಮೊಟ್ಟೆಯಿಂದ ಬೆಳೆಸುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದರು. ದೊಡ್ಡ ಶುಕ್ತಿಯೊಂದು ಒಂದೇ ಸಲಕ್ಕೆ ಕೋಟಿಗಟ್ಟಲೆ ಮೊಟ್ಟೆಗಳನ್ನು ಚೆಲ್ಲುವುದರಿಂದ ಈ ಕೆಲಸಕ್ಕೆ ಕೆಲವೇ ತಾಯಿಗಳು ಸಾಕು. ಫಿಲಿಪೈನ್ಸಿನ ಬೊಲಿನಾವೊ ಎಂಬಲ್ಲಿ ಎಡ್ಗಾರ್ಡೊ ಗೋಮೆಜರೂ ಅವರ ಸಂಗಡಿಗರೂ ಹೀಗೆ ಬೆಳೆಸಿದ ‘ಗೈಗಸ್’ ಮರಿಗಳನ್ನು ಮರಳಿ ಸಮುದ್ರಕ್ಕೇ ನಾಟಿದರು. ಸಾಕಣೆಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ, ಅದರ ಕಾಗದಪತ್ರಗಳನ್ನು ನೋಡಿ ಕೊಂಡರೆ ಕಡಲಿನ ಮೇಲಿನ ಭಾರವು ಅಷ್ಟರಮಟ್ಟಿಗೆ ಕಡಮೆಯಾದೀತು.

ಕಡೆಯದಾಗಿ ಹಿರಿಯರಿಗೊಂದು ವಿಜ್ಞಾಪನೆ. ಮಹಾಶುಕ್ತಿಯು ಸರಿಯಾಗಿ ನೋಡಿಕೊಂಡರೆ ದಶಕಗಟ್ಟಲೆ ಬಾಳತಕ್ಕ ಜೀವಿ. ಮಗುವು ಹಟಮಾಡಿತೆಂದು ಹಬ್ಬಕ್ಕೆ ತರುವ ಆಟದ ಸಾಮಾನು ಅದಲ್ಲ. ತರುವ ಮುನ್ನ ಮನೆಯವರೆಲ್ಲ ಕುಳಿತು, ದಿನವೂ ನೀರನ್ನು ಪರೀಕ್ಷಿಸುವವರು ಯಾರು, ಊರಿಗೆ ಹೋದಾಗ ದೀಪ ನೋಡುವವರು ಯಾರು, ತೊಟ್ಟಿಗೆ ಮೀರಿ ಬೆಳೆದಾಗ ಒಪ್ಪಿಸುವುದು ಯಾರಿಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಗೊತ್ತುಮಾಡಿಕೊಳ್ಳಲಿ. ಉತ್ತರ ದೊರೆತರೆ ಸಂತೋಷದಿಂದ ತರಲಿ. ದೊರೆಯದಿದ್ದರೆ ಪಟ್ಟಣದ ಸಾರ್ವಜನಿಕ ಮತ್ಸ್ಯಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅಲ್ಲಿ ಇದ್ದುದನ್ನು ತೋರಿಸಿ, ಅದು ಬಿಸಿಲನ್ನುಂಡು ಬದುಕುವ ಬಗೆಯನ್ನು ಹೇಳಿ ಕರೆತರುವುದೇ ಮೇಲು.