ಸರಕಾರಿ ಜಾಗದ ಕಸ ಕೀಳುವವರಾರು?

ಕಾಂಗ್ರೆಸ್ ಕಸವನ್ನು 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ರಾಜ್ಯ ಸರಕಾರ ಪೀಡೆಯೆಂದು ಘೋಷಿಸಿದ್ದು 1975ರಲ್ಲಿ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ರೈತ ಅದನ್ನು ಕೀಳಲು ಸರಕಾರದ ನೋಟಿಸಿಗೆ ಕಾಯುವುದಿಲ್ಲ. ಎಡೆ ಹೊಡೆದು, ಕೂಲಿ ಕೊಟ್ಟು ಕಳೆ ತೆಗೆಸುತ್ತಾನೆ. ಆದರೆ ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುವ ಈ ಕಸ ರಸ್ತೆಬದಿ, ಕಾಲುವೆ ದಂಡೆಗಳಿಂದ ಮತ್ತೆ ಹೊಲಕ್ಕಿಳಿಯುತ್ತದೆ. ಆ ಜಾಗಗಳ ಮಾಲೀಕ ಸರಕಾರವೇ! ಬೆಣ್ಣೆಹಳ್ಳದ ಪಾತ್ರಕ್ಕೆ ನುಗ್ಗಿದ ಬಳ್ಳಾರಿ ಜಾಲಿಯ ಕತೆಯೂ ಅಷ್ಟೇ. ಅದು ಹರಿವಿಗೆ ಅಡ್ಡವಾಗಿ, ಮಳೆ ಜೋರಾದರೆ ಹಳ್ಳದ ನೀರು ಎರೆಹೊಲಕ್ಕೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಂಥ ಆಕ್ರಮಣಕಾರಿ ವಿದೇಶಿ ಜೀವಿಗಳ ಆಮದು, ವ್ಯಾಪಾರ, ಹರಡುವಿಕೆಗೆ ಕಡಿವಾಣ ಹಾಕುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಹೊಸ ಪೀಡೆ ಬಾರದಂತೆ ತಡೆಯಲು ಅದು ಸರಿ. ಆಗಲೇ ಬೇರೂರಿದ್ದನ್ನು ಹೂ ಬಿಡುವ ಮೊದಲೇ ಕೀಳಿಸಲು ಲೋಕೋಪಯೋಗಿ, ನೀರಾವರಿ ಇಲಾಖೆಗಳಿಗೆ ಗದಗ ಜಿಲ್ಲಾಡಳಿತ ಗಡುವು ವಿಧಿಸಲಿ.